ಎಕ್ಸ್‌ಪಿ ಕಾಲದ ಅಕ್ಷರಗಳು

2014ರ ಏಪ್ರಿಲ್ 8, ಮಂಗಳವಾರ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಅಂದಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ಎಕ್ಸ್‌ಪಿ ಇದ್ದ ಕಂಪ್ಯೂಟರುಗಳೆಲ್ಲ ಹಿಂದಿನ ದಿನದ ಹಾಗೆಯೇ ಶುರುವಾದವು. ಅದೇ ಹಸಿರು ದಿಬ್ಬ, ಅದೇ ನೀಲಿ ಆಕಾಶ, ಎಡಮೂಲೆಯಲ್ಲಿ ಅದೇ ಸ್ಟಾರ್ಟ್ ಗುಂಡಿ. ಚಾರ್ಲ್ಸ್ ಓರಿಯರ್ 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಕಡೆ ತೆಗೆದ ಆ ಚಿತ್ರವನ್ನು ತಾಲ್ಲೂಕು ಕಚೇರಿಯಲ್ಲೂ ಸೈಬರ್ ಕೆಫೆಯಲ್ಲೂ ಡಿಟಿಪಿ ಅಂಗಡಿಯಲ್ಲೂ ನೋಡಿ ನೋಡಿ, ಅದು ನಮ್ಮದೇ ಸೀಮೆಯ ಗುಡ್ಡವೇನೋ ಎನ್ನುವಷ್ಟು ಸಲಿಗೆ ಬೆಳೆದಿತ್ತು. ಬೆಂಬಲ ಮುಗಿದರೆ ಯಂತ್ರ ನಿಲ್ಲುವುದಿಲ್ಲ. ತಂತ್ರಾಂಶದಲ್ಲಿ ತೂತು ಕಂಡಾಗ ತೇಪೆ ಹಾಕಿಕೊಡುತ್ತೇವೆ ಎಂಬ ಮಾತು ನಿಲ್ಲುತ್ತದೆ, ಅಷ್ಟೇ. ಮಾತು ನಿಂತದ್ದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಹಾಗಾಗಿ ಆ ದಿನ ದಾಟಿದ ಮೇಲೂ ವರ್ಷಗಟ್ಟಲೆ ನಮ್ಮಲ್ಲಿ ಸಿಸ್ಟಮ್ ಫಾರ್ಮ್ಯಾಟ್ ಮಾಡಿಸಿ ಮತ್ತೆ ಎಕ್ಸ್‌ಪಿಯನ್ನೇ ಹಾಕಿಸುವುದು ನಡೆದೇ ಇತ್ತು. ಹಾಗೆ ಹಾಕಿಸಿದವರನ್ನು ಹಿಂದುಳಿದವರು, ಜಿಪುಣರು ಎನ್ನುವುದು ಆಗ ವಾಡಿಕೆಯಾಗಿತ್ತು. ಆ ಮಾತು ಅನ್ಯಾಯದ್ದೆಂದೇ ನನಗೆ ಅನ್ನಿಸುತ್ತದೆ. ಹಳೆಯದನ್ನು ಬಿಡಲಾಗದ್ದಕ್ಕೆ ಕನ್ನಡದಲ್ಲಿ ಒಂದು ಕಾರಣವಿತ್ತು, ಅದು ಯಂತ್ರದಲ್ಲಿರಲಿಲ್ಲ, ಬರಹದಲ್ಲಿತ್ತು. ನಾವು ಮತ್ತೆ ಮತ್ತೆ ಹೊಸದು ಮಾಡಿದ್ದು ಯಂತ್ರವನ್ನು. ಮೊದಲು ಹೊಸದಾಗಬೇಕಿದ್ದುದು ಅದರೊಳಗಿನ ಅಕ್ಷರ.

ಎಕ್ಸ್‌ಪಿ ಹಾಕುವ ಕೆಲಸ ಹೇಗೆ ನಡೆಯುತ್ತಿತ್ತೆಂದು ನೆನಪಿಸಿಕೊಂಡರೆ ಇದು ಅರ್ಥವಾಗುತ್ತದೆ. ಸಿಡಿ ಒಳಗೆ ಹಾಕಿ, ಕಪ್ಪು ಪರದೆಯ ಮೇಲೆ ಯಾವುದಾದರೂ ಕೀ ಒತ್ತಿ ಎಂದಾಗ ಒತ್ತಬೇಕು. ನೀಲಿ ಪರದೆ ಬರುತ್ತದೆ. ಎಫ್8 ಒತ್ತಿ ಷರತ್ತಿಗೆ ಒಪ್ಪಬೇಕು. ಡಿಸ್ಕಿನ ಭಾಗಗಳ ಪಟ್ಟಿಯಲ್ಲಿ ಸಿ ಡ್ರೈವ್ ಆರಿಸಿ, ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಎಂದು ಹೇಳಬೇಕು. ಹಳದಿ ಪಟ್ಟಿ ನಿಧಾನವಾಗಿ ತುಂಬುತ್ತದೆ, ಮೈ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಮೇಲಿದ್ದದ್ದೆಲ್ಲ ಅಲ್ಲಿಗೆ ಮುಗಿಯಿತು. ಯಂತ್ರ ಒಮ್ಮೆ ಆರಿ ಮತ್ತೆ ಎದ್ದಾಗ ಎಡಬದಿಯಲ್ಲಿ ಒಂದು ಸಾಲು ಕಾಣುತ್ತದೆ: ಇನ್ನು ಸುಮಾರು 39 ನಿಮಿಷ. ಆ 39 ಯಾವತ್ತೂ ಗಡಿಯಾರದ 39 ಆಗಿರಲಿಲ್ಲ. ಸಂಖ್ಯೆ ಇಳಿಯುತ್ತ ಹೋಗಿ ನಡುವೆ ನಿಂತು, ಪ್ರಾದೇಶಿಕ ಮತ್ತು ಭಾಷಾ ಆಯ್ಕೆಗಳ ಬಗ್ಗೆ ಕೇಳುತ್ತಿತ್ತು. ಹೆಚ್ಚಿನವರು ನೆಕ್ಸ್ಟ್ ಒತ್ತಿ ಮುಂದೆ ಹೋಗುತ್ತಿದ್ದರು. ಆಮೇಲೆ 25 ಅಕ್ಷರಗಳ ಕೀ. ಆಮೇಲೆ ಮದರ್‌ಬೋರ್ಡಿನ ಸಿಡಿಯಿಂದ ಶಬ್ದಕ್ಕೆ, ಚಿತ್ರಕ್ಕೆ, ನೆಟ್‌ವರ್ಕಿಗೆ ಒಂದೊಂದು ಡ್ರೈವರ್. ಸಾಟಾ ಡಿಸ್ಕುಗಳು ಬಂದ ಮೇಲೆ ಇನ್ನೊಂದು ತೊಡಕು ಸೇರಿಕೊಂಡಿತು. ಹಳೆಯ ಸಿಡಿಗೆ ಹೊಸ ಡಿಸ್ಕಿನ ಗುರುತೇ ಸಿಗದೆ, ಬಯೋಸಿನೊಳಗೆ ಹೋಗಿ ಐಡಿಇ ಎಂದು ಬದಲಿಸಿಕೊಡಬೇಕಾಗುತ್ತಿತ್ತು.

ನೆಕ್ಸ್ಟ್ ಒತ್ತಿ ದಾಟಿದ ಆ ಪರದೆಯಲ್ಲೇ ಕನ್ನಡ ಇತ್ತು. 2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂದ ಎಕ್ಸ್‌ಪಿ ಯುನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದ ಕನ್ನಡವನ್ನು ತನ್ನ ಜೊತೆಯಲ್ಲೇ ತಂದ ಮೊದಲ ವಿಂಡೋಸ್. ಅದರ ಹಿಂದಿನ ವಿಂಡೋಸ್ 2000ರಲ್ಲಿ ದೇವನಾಗರಿ, ತಮಿಳು ಇದ್ದವು, ಕನ್ನಡ ಇರಲಿಲ್ಲ. ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟ್ ಇತ್ತು, ಕನ್ನಡದ ಕೀಲಿಮಣೆಯೂ ಇತ್ತು. ಆದರೆ ಅದು ತಾನಾಗಿ ಕೆಲಸಕ್ಕೆ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲಿಗೆ ಹೋಗಿ, ಭಾಷೆಗಳ ಪುಟ ತೆರೆದು, ಸಂಕೀರ್ಣ ಲಿಪಿಗಳು ಮತ್ತು ಬಲದಿಂದ ಎಡಕ್ಕೆ ಬರೆಯುವ ಭಾಷೆಗಳು ಎಂಬ ಚೌಕದಲ್ಲಿ ಗುರುತು ಹಾಕಬೇಕು. ಅರಬ್ಬಿ, ಹೀಬ್ರೂ, ಥಾಯ್, ವಿಯೆಟ್ನಾಮೀಸ್ ಜೊತೆಗೆ ಭಾರತದ ಭಾಷೆಗಳ ಕಡತಗಳೂ ಬರುತ್ತವೆ, 10 ಎಂಬಿಯಷ್ಟು ಜಾಗ ಬೇಕು ಎಂದು ಒಂದು ಕಿಟಕಿ ತಿಳಿಸುತ್ತಿತ್ತು. ಓಕೆ ಎಂದರೆ ಎಕ್ಸ್‌ಪಿ ಸಿಡಿ ಹಾಕಿ ಎನ್ನುತ್ತಿತ್ತು. ಸಿಡಿ ಎಲ್ಲಿದೆ? ಸಿಸ್ಟಮ್ ಜೋಡಿಸಿಕೊಟ್ಟವರ ಕೈಯಲ್ಲಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಜಿಲ್ಲಾ ಕೇಂದ್ರದ ಯಾವುದೋ ಮಹಡಿಯ ಅಂಗಡಿಯಲ್ಲೋ. ಹೀಗಾಗಿ ಕನ್ನಡವನ್ನು ಬಲ್ಲ ಯಂತ್ರ ಮನೆಯಲ್ಲೇ ಇದ್ದರೂ ಅದರಲ್ಲಿ ಕನ್ನಡ ತೆರೆದರೆ ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದವು, ಇಲ್ಲವೇ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ಬಿದ್ದಿರುತ್ತಿತ್ತು. ಪ್ರತಿ ಸಲ ಫಾರ್ಮ್ಯಾಟ್ ಆದಾಗಲೂ ಆ ಚೌಕದ ಗುರುತು ಅಳಿದು ಹೋಗುತ್ತಿತ್ತು. ಶಬ್ದ ಬಂತೇ, ಪ್ರಿಂಟರ್ ಓಡಿತೇ ಎಂದು ನೋಡಿ ಯಂತ್ರವನ್ನು ಮನೆಗೆ ಕಳುಹಿಸುತ್ತಿದ್ದರು. ಕನ್ನಡ ಬಂತೇ ಎಂದು ನೋಡುವ ರೂಢಿ ಬೆಳೆಯಲೇ ಇಲ್ಲ.

ಬೆಳೆಯದಿದ್ದುದಕ್ಕೆ ಕಾರಣವೂ ಇದೆ. ಅಷ್ಟು ಹೊತ್ತಿಗೆ ಕನ್ನಡ ಬೇರೆ ದಾರಿಯಿಂದ ಕಂಪ್ಯೂಟರಿಗೆ ಬಂದಾಗಿತ್ತು. ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲೇ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಮುದ್ರಣದವರ ಬಳಿ ಶ್ರೀಲಿಪಿ ಇತ್ತು, ಪ್ರಕಾಶಕ ಇತ್ತು. ಅವು ಮಾಡಿದ ಉಪಕಾರ ಸಣ್ಣದಲ್ಲ. ವಿಂಡೋಸಿಗೆ ಕನ್ನಡವೇ ಬಾರದಿದ್ದ ಕಾಲದಲ್ಲಿ ಅವು ಕನ್ನಡವನ್ನು ಪರದೆಯ ಮೇಲೆ ನಿಲ್ಲಿಸಿದವು. ಅದಕ್ಕೆ ಅವು ಹಿಡಿದ ಉಪಾಯವೆಂದರೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾಗಿದ್ದ ಜಾಗಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸುವುದು. ಇದನ್ನೇ ನಾವು ಇಂದಿಗೂ ಆಸ್ಕಿ ಕನ್ನಡ ಎನ್ನುತ್ತೇವೆ. ನುಡಿಯಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಇದು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಒಟ್ಟು ಏಳು ಚಿಹ್ನೆ. ಮೂರು ಸಲ ಬಂದ ಆ ಗೀಟಿನ ಎ ಬೇರೇನಲ್ಲ, ನಮ್ಮ ತಲಕಟ್ಟು. ಪಿ ಎಂಬುದು ತಲಕಟ್ಟಿಲ್ಲದ ಕಕಾರದ ಒಡಲು, ಪೌಂಡ್ ನಕಾರದ ಒಡಲು, ಜೋಡಿ ಎಸ್ ನಕಾರದ ಒತ್ತು, ಕ್ಯೂ ಡಕಾರದ ಒಡಲು. ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಂಪಾಸಿಟರನ ಕ್ರಮವೇ ಇದು. ಕಣ್ಣಿಗೆ ಚೆಂದವಾಗಿ ಕಾಣುತ್ತದೆ. ಆದರೆ ಯಂತ್ರಕ್ಕೆ ಅದು ಕನ್ನಡವೆಂಬುದೇ ಗೊತ್ತಿಲ್ಲ.

ಯುನಿಕೋಡಿನಲ್ಲಿ ಅದೇ ಪದ ಐದೇ ಸಂಕೇತ: ಕ, ನ, ವಿರಾಮ, ನ, ಡ. ಇಲ್ಲಿರುವುದು ಆಕಾರವಲ್ಲ, ಉಚ್ಚಾರ. ಒತ್ತು ಎಲ್ಲಿ ಕೂರಬೇಕು, ತಲಕಟ್ಟು ಹೇಗೆ ಬಾಗಬೇಕು ಎಂಬುದನ್ನು ತೋರಿಸುವ ಹೊತ್ತಿಗೆ ಫಾಂಟು ಮತ್ತು ವ್ಯವಸ್ಥೆ ನೋಡಿಕೊಳ್ಳುತ್ತವೆ. ‘ಕರ್ನಾಟಕ’ ಎಂಬ ಪದದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಬಾಯಲ್ಲಿ ರ್ ಮೊದಲು, ನಾ ಆಮೇಲೆ, ಯುನಿಕೋಡಿನಲ್ಲೂ ಅದೇ ಕ್ರಮ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಬಲಗಡೆ ಕಾಣುತ್ತದಾದ್ದರಿಂದ ನಾ ಆದ ಮೇಲೆ ಅದನ್ನು ದಾಖಲಿಸುತ್ತಿದ್ದರು. ಹೀಗಿರುವ ಬರಹವನ್ನು ಅಕಾರಾದಿಯಾಗಿ ಜೋಡಿಸಲು ಬಾರದು, ಅಂತರಜಾಲದಲ್ಲಿ ಹುಡುಕಿದರೆ ಸಿಗದು, ಕುರುಡರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಪಿ, ಪೌಂಡ್, ಕ್ಯೂಗಳ ಸರಮಾಲೆ. ಕಷ್ಟವೆಂದರೆ ಟೈಪ್ ಮಾಡುವವರ ಬೆರಳಿಗೆ ಈ ವ್ಯತ್ಯಾಸ ಗೊತ್ತಾಗುತ್ತಲೇ ಇರಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಎರಡಕ್ಕೂ ಒಂದೇ. ಒತ್ತುವ ಕೀ ಅವೇ, ಪರದೆಯ ಮೇಲೆ ಮೂಡುವ ಅಕ್ಷರ ಅದೇ, ಒಳಗೆ ಉಳಿಯುವುದು ಮಾತ್ರ ಬೇರೆ.

ಡಿಟಿಪಿ ಅಂಗಡಿಗಳಲ್ಲಿ ಎಕ್ಸ್‌ಪಿ ಯಾಕೆ ಉಳಿಯಿತು ಎಂಬುದಕ್ಕೆ ಇಲ್ಲಿ ಉತ್ತರವಿದೆ. ನಮ್ಮ ಪುಸ್ತಕ, ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಸ್ಥಳೀಯ ಪತ್ರಿಕೆಗಳೆಲ್ಲ ಸಿದ್ಧವಾಗುತ್ತಿದ್ದುದು ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ. ಅದರ ಕೊನೆಯ ದೊಡ್ಡ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ, ಎಕ್ಸ್‌ಪಿ ಬಂದ ವರ್ಷವೇ. ಅದಕ್ಕೆ ಯುನಿಕೋಡ್ ತಿಳಿಯದು. ಫಾಂಟುಗಳಿಗೆ ಬೀಗವಾಗಿ ಕೆಲವು ತಂತ್ರಾಂಶಗಳು ಕೊಡುತ್ತಿದ್ದ ಡಾಂಗಲ್ ಪ್ರಿಂಟರಿನ ಅಗಲವಾದ ಪೋರ್ಟಿಗೆ ಸಿಕ್ಕಿಸುವಂಥದ್ದು, ಹೊಸ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಮಾಯವಾಯಿತು. ಯುನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸಬಲ್ಲ ವೃತ್ತಿಪರ ಪುಟವಿನ್ಯಾಸದ ತಂತ್ರಾಂಶಕ್ಕೆ ಕಾಯಬೇಕಾಯಿತು. ಇನ್‌ಡಿಸೈನ್ ಭಾರತೀಯ ಲಿಪಿಗಳಿಗೆ ಒಗ್ಗಿಕೊಂಡದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಎಕ್ಸ್‌ಪಿಯ ಗಡುವಿಗೆ ಆಗ ಎರಡೇ ವರ್ಷ ಉಳಿದಿತ್ತು. ಇಪ್ಪತ್ತು ವರ್ಷದ ಕಡತಗಳ ರಾಶಿ ಇಟ್ಟುಕೊಂಡ ಅಂಗಡಿಯವರಿಗೆ ಹೊಸ ಯಂತ್ರ ಕೊಳ್ಳಿ ಎಂದು ಹೇಳುವುದು ಸುಲಭ. ಆ ಕಡತಗಳನ್ನು ಹೊಸ ಯಂತ್ರ ತೆರೆಯದು ಎಂಬುದನ್ನು ಹೇಳಿದವರು ಕಡಿಮೆ.

ಹಾಗಿದ್ದರೆ ಎಕ್ಸ್‌ಪಿಯನ್ನೇ ಮತ್ತೆ ಮತ್ತೆ ಹಾಕಿಕೊಂಡಿದ್ದರೆ ತಪ್ಪೇನು, ಕೆಲಸ ನಡೆಯುತ್ತಿತ್ತಲ್ಲ ಎಂಬ ಪ್ರಶ್ನೆ ಬರುತ್ತದೆ. ಗೌರವದಿಂದ ಉತ್ತರಿಸಬೇಕಾದ ಪ್ರಶ್ನೆ ಇದು. ಫಾರ್ಮ್ಯಾಟ್ ಮಾಡಿದರೆ ಸಿಸ್ಟಮ್ ಶುದ್ಧವಾಯಿತು, ವೈರಸ್ ಹೋಯಿತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮರುಸ್ಥಾಪನೆ ಯಂತ್ರವನ್ನು ಶುದ್ಧ ಮಾಡುವುದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಒಯ್ಯುತ್ತದೆ, ಆ ಸಿಡಿ ಅಚ್ಚಾದ ದಿನಕ್ಕೆ. 2003ರ ಆಗಸ್ಟಿನಲ್ಲಿ ಹರಡಿದ ಬ್ಲಾಸ್ಟರ್ ಹುಳುವಿಗೆ ತೇಪೆ ಜುಲೈನಲ್ಲೇ ಬಂದಿತ್ತು. ಆದರೆ 2001ರ ಸಿಡಿಯಿಂದ ಹೊಸದಾಗಿ ಎಕ್ಸ್‌ಪಿ ಹಾಕಿ, ಆ ತೇಪೆ ಇಳಿಸಿಕೊಳ್ಳಲೆಂದೇ ಅಂತರಜಾಲಕ್ಕೆ ಸೇರಿಸಿದರೆ, ಅದು ಇಳಿಯುವ ಮೊದಲೇ ಹುಳು ಒಳಗೆ ಬಂದಿರುತ್ತಿತ್ತು. ಪರದೆಯ ನಡುವೆ ಒಂದು ಕಿಟಕಿ, 60 ಸೆಕೆಂಡಿನಲ್ಲಿ ಯಂತ್ರ ಆರುತ್ತದೆ ಎಂಬ ಎಣಿಕೆ. ಬೆಂಬಲ ಇದ್ದ ಕಾಲದಲ್ಲೇ ಹೀಗೆ. 2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶದ ದಾಳಿ ನಡೆದಾಗ ಮೈಕ್ರೋಸಾಫ್ಟ್ ತಾನು ಕೈಬಿಟ್ಟು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ತೇಪೆ ಕೊಟ್ಟಿತು. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ದೋಷಕ್ಕಾಗಿ ಮತ್ತೊಮ್ಮೆ ಕೊಟ್ಟಿತು. ವಾನಾಕ್ರೈಗೆ ಸಿಕ್ಕವುಗಳಲ್ಲಿ ಹೆಚ್ಚಿನವು ವಿಂಡೋಸ್ 7 ಯಂತ್ರಗಳು, ಎಕ್ಸ್‌ಪಿಯಲ್ಲ ಎಂದು ಯಾರಾದರೂ ಹೇಳಿದರೆ ಅದು ನಿಜ. ಆದರೆ ಆ ವಿಂಡೋಸ್ 7ಗಳಿಗೆ ಮಾರ್ಚ್ ತಿಂಗಳಲ್ಲೇ ತೇಪೆ ಸಿದ್ಧವಿತ್ತು. ಹಾಕಿಕೊಳ್ಳದೆ ಉಳಿದವು ಬಿದ್ದವು. ಬೆಂಬಲ ಮುಗಿದ ವ್ಯವಸ್ಥೆ ಎಂದರೆ ಆ ಸ್ಥಿತಿಯಲ್ಲೇ ಶಾಶ್ವತವಾಗಿ ಇರುವುದು. ನಮ್ಮ ರಿಸರ್ವ್ ಬ್ಯಾಂಕು ಕೂಡ ಇದನ್ನು ಕಂಡುಕೊಂಡೇ 2018ರ ಜೂನ್ 21ರ ಸುತ್ತೋಲೆಯಲ್ಲಿ, ಬೆಂಬಲವಿಲ್ಲದ ವ್ಯವಸ್ಥೆಯಲ್ಲಿ ಓಡುವ ಎಟಿಎಂಗಳನ್ನು ಬದಲಿಸಲು ಗಡುವು ಕೊಟ್ಟಿತು: ಆ ವರ್ಷದ ಸೆಪ್ಟೆಂಬರಿಗೆ ಕಾಲುಭಾಗ, ಡಿಸೆಂಬರಿಗೆ ಅರ್ಧ, 2019ರ ಜೂನಿಗೆ ಪೂರ್ತಿ. ಎಕ್ಸ್‌ಪಿಯ ಬೆಂಬಲ ಮುಗಿದು ನಾಲ್ಕು ವರ್ಷ ದಾಟಿದ ಮೇಲೂ ಬ್ಯಾಂಕುಗಳಿಗೇ ಇಂಥ ಸುತ್ತೋಲೆ ಬೇಕಾಯಿತೆಂದರೆ ಮೂಲೆಯ ಅಂಗಡಿಯವರನ್ನು ದೂರುವುದು ಸರಿಯಲ್ಲ.

ಹಳೆಯದನ್ನು ಹಾಕಿ ಆಮೇಲೆ ಅಪ್‌ಡೇಟ್ ಮಾಡಿಕೊಳ್ಳುತ್ತೇವೆ ಎಂಬ ದಾರಿಯೂ ಕಾಲ ಕಳೆದಂತೆ ಮುಚ್ಚುತ್ತ ಬಂತು. ಸರ್ವಿಸ್ ಪ್ಯಾಕ್ 3 ಕಡತವನ್ನು ಮೊದಲೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದವರು ಸ್ವಲ್ಪ ದೂರ ನಡೆದರು. ಎಕ್ಸ್‌ಪಿಯ ಸ್ವಂತ ಬ್ರೌಸರಿಗೆ ಇಂದಿನ ತಾಣಗಳ ಗೂಢಲಿಪಿ ತಿಳಿಯದು, ಸುರಕ್ಷಿತ ತಾಣಗಳ ಬಾಗಿಲು ಅದಕ್ಕೆ ತೆರೆಯುವುದಿಲ್ಲ. ಕ್ರೋಮ್ 2016ರಲ್ಲಿ ಕೈಬಿಟ್ಟಿತು, ಫೈರ್‌ಫಾಕ್ಸ್ 2018ರಲ್ಲಿ. 2020ರ ಆಗಸ್ಟಿನಲ್ಲಿ ಹಳೆಯ ಬಗೆಯ ಸಹಿಯಿದ್ದ ಕಡತಗಳನ್ನು ಮೈಕ್ರೋಸಾಫ್ಟ್ ತನ್ನ ಡೌನ್‌ಲೋಡ್ ತಾಣದಿಂದಲೇ ತೆಗೆಯಿತು. ಅಂಗಡಿ ಬಿಲ್ಲಿಂಗ್ ಯಂತ್ರಗಳಿಗಾಗಿ ಮಾಡಿದ ಪಿಒಎಸ್‌ರೆಡಿ 2009 ಎಂಬ ಎಕ್ಸ್‌ಪಿಯ ತಮ್ಮನಿಗೆ 2019ರ ಏಪ್ರಿಲ್‌ವರೆಗೆ ತೇಪೆ ಸಿಗುತ್ತಿತ್ತು. ರಿಜಿಸ್ಟ್ರಿಯಲ್ಲಿ ಒಂದು ಸಾಲು ಬದಲಿಸಿ ತಮ್ಮ ಎಕ್ಸ್‌ಪಿಯೂ ಅದೇ ಎಂದು ನಂಬಿಸಿ ಆ ತೇಪೆ ಪಡೆದವರು ಇದ್ದರು. ಜಾಣತನ ನಿಜ, ಆದರೆ ಆ ತೇಪೆಗಳು ಬೇರೆ ಯಂತ್ರಕ್ಕೆ ಹೊಲಿದವು, ಆ ದಾರಿಯೂ ಐದು ವರ್ಷಕ್ಕೆ ಮುಗಿಯಿತು.

ತಪ್ಪೆಲ್ಲ ಕಂಪನಿಯದೇ, ಮಾರಿದ ವಸ್ತುವಿಗೆ ಕೊನೆಯವರೆಗೂ ಹೊಣೆ ಹೊರಬೇಕು ಎಂಬ ವಾದದಲ್ಲಿ ಅರ್ಧ ಸತ್ಯವಿದೆ. 2001ರಿಂದ 2014ರವರೆಗೆ, ಹನ್ನೆರಡೂವರೆ ವರ್ಷ ಒಂದು ವ್ಯವಸ್ಥೆಯನ್ನು ನೋಡಿಕೊಂಡದ್ದು ಕಡಿಮೆಯಲ್ಲ. ಆದರೆ ಲೆಕ್ಕ ಹಾಕಬೇಕಾದುದು ಮೊದಲು ಮಾರಿದ ದಿನದಿಂದಲ್ಲ, ಕೊನೆಗೆ ಮಾರಿದ ದಿನದಿಂದ. ಸಣ್ಣ ನೆಟ್‌ಬುಕ್ಕುಗಳಲ್ಲಿ ಎಕ್ಸ್‌ಪಿ 2010ರ ಅಕ್ಟೋಬರಿನವರೆಗೂ ಮಾರಾಟವಾಗುತ್ತಿತ್ತು. ಕಡಿಮೆ ಬೆಲೆಯೆಂದು ಅದನ್ನು ಕೊಂಡವರಿಗೆ ಸಿಕ್ಕಿದ್ದು ಮೂರೂವರೆ ವರ್ಷ. ಇದನ್ನು ಅನ್ಯಾಯವೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಆದರೂ ಕಂಪನಿ ಇನ್ನೂ ಹತ್ತು ವರ್ಷ ತೇಪೆ ಕೊಟ್ಟಿದ್ದರೆ ನಮ್ಮ ಸಮಸ್ಯೆ ತೀರುತ್ತಿತ್ತೇ? ಆ ಹತ್ತು ವರ್ಷವೂ ನಾವು ಪಿ, ಪೌಂಡ್, ಕ್ಯೂಗಳಲ್ಲೇ ಕನ್ನಡವನ್ನು ಉಳಿಸುತ್ತ ಹೋಗುತ್ತಿದ್ದೆವು, ರಾಶಿ ಇನ್ನಷ್ಟು ಬೆಳೆಯುತ್ತಿತ್ತು. ಲಿನಕ್ಸಿಗೆ ಹೋಗಿ ಎನ್ನುವವರ ಮಾತಿಗೂ ಇದೇ ಮಿತಿ. ಆ ಸಲಹೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಹಳೆಯ ಯಂತ್ರಕ್ಕೆ ಅದು ನಿಜಕ್ಕೂ ಜೀವ ಕೊಡುತ್ತದೆ, ಯುನಿಕೋಡ್ ಕನ್ನಡ ಅಲ್ಲಿ ಚೆನ್ನಾಗಿದೆ, ಹಣ ಬೇಕಿಲ್ಲ. ಆದರೆ ಅಲ್ಲೂ ಗಡುವುಗಳಿವೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಸಾಮಾನ್ಯವಾಗಿ ಐದು ವರ್ಷ, 2017ರ ಅಕ್ಟೋಬರಿನಲ್ಲಿ ಬಂದ ಆವೃತ್ತಿಯಿಂದ ಅದು 32 ಬಿಟ್ ಯಂತ್ರಗಳಿಗೆ ಸ್ಥಾಪನೆಯ ಡಿಸ್ಕ್ ಕೊಡುವುದನ್ನೇ ನಿಲ್ಲಿಸಿತು. ಮುಖ್ಯವಾಗಿ, ಹಳೆಯ ಪೇಜ್‌ಮೇಕರ್ ಕಡತ ಲಿನಕ್ಸಿನಲ್ಲಿ ತನ್ನಷ್ಟಕ್ಕೆ ಕನ್ನಡವಾಗುವುದಿಲ್ಲ.

ಇನ್ನೊಂದು ಆಕ್ಷೇಪ ಹೊಸಗಾಲದ್ದು, ಹೆಚ್ಚು ಬಲವಾದದ್ದು. ಈಗ ಅಚ್ಚಾದ ಪುಟದ ಚಿತ್ರ ಕೊಟ್ಟರೆ ಕಂಪ್ಯೂಟರೇ ಕನ್ನಡ ಓದಿ ಯುನಿಕೋಡ್ ಪಠ್ಯ ಕೊಡುತ್ತದೆ, ಹಳೆಯ ಕಡತಗಳ ಚಿಂತೆ ಯಾಕೆ ಎನ್ನುತ್ತಾರೆ. ಅಚ್ಚಾದದ್ದಕ್ಕೆ ಅದು ನಿಜವಾದ ವರ. ಆದರೆ ಚಿತ್ರ ಓದುವುದು ಊಹೆಯ ಕೆಲಸ. ಮಸುಕಾದ ಪುಟದಲ್ಲಿ ಒತ್ತಕ್ಷರ, ಸೊನ್ನೆ, ಮಹಾಪ್ರಾಣದ ಸೀಳು ತಪ್ಪುತ್ತವೆ, ತಿದ್ದಲು ಒಬ್ಬರು ಕೂರಲೇಬೇಕು. ಹಳೆಯ ಸಂಕೇತದಿಂದ ಯುನಿಕೋಡಿಗೆ ತರುವುದರಲ್ಲಿ ಊಹೆಯಿಲ್ಲ, ನಿಯಮವಿದೆ. ಯಾವ ಚಿಹ್ನೆ ಯಾವ ಅಕ್ಷರಭಾಗ ಎಂಬ ಪಟ್ಟಿ ಗೊತ್ತಿದ್ದರೆ, ಅರ್ಕಾವತ್ತನ್ನು ಎತ್ತಿ ಮುಂದಿಡುವಂಥ ಕೆಲವು ಸೂತ್ರಗಳಿದ್ದರೆ, ಮುನ್ನೂರು ಪುಟದ ಪುಸ್ತಕ ಒಂದು ಕ್ಷಣದಲ್ಲಿ ಮೂಲದ ಹಾಗೆಯೇ ಹೊರಬರುತ್ತದೆ. ನುಡಿ, ಬರಹಗಳಿಗೆ ಇಂಥ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅದೂ ಅಲ್ಲದೆ ಎಲ್ಲವೂ ಅಚ್ಚಾಗಿಲ್ಲ. ಪತ್ರಗಳು, ನಡಾವಳಿಗಳು, ಊರಿನ ಇತಿಹಾಸದ ಟಿಪ್ಪಣಿಗಳು, ಅಚ್ಚಿಗೆ ಹೋಗದೆ ನಿಂತ ಹಸ್ತಪ್ರತಿಗಳು ಡಿಸ್ಕಿನಲ್ಲಷ್ಟೇ ಇವೆ. ಪಿಡಿಎಫ್ ಮಾಡಿಟ್ಟಿದ್ದೇವೆ ಎಂದು ನೆಮ್ಮದಿಯಾಗಿರುವವರು ಅದರಿಂದ ಒಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಬೇಕು. ಪಿ, ಗೀಟಿನ ಎ, ಪೌಂಡ್ ಬಂದರೆ ಅದು ಇನ್ನೂ ಬೀಗದೊಳಗೇ ಇದೆ.

ಬೆಂಬಲ ಮುಗಿದ ಎಕ್ಸ್‌ಪಿಯನ್ನು ಇಂದು ಹಾಕಲು ನನಗೆ ಕಾಣುವ ನ್ಯಾಯವಾದ ಕಾರಣ ಇದೊಂದೇ, ಮತ್ತು ಇದು ದೊಡ್ಡ ಕಾರಣ. ಜಾಲದ ತಂತಿ ಕಿತ್ತಿಟ್ಟ ಒಂದು ಹಳೆಯ ಯಂತ್ರದಲ್ಲಿ, ಅಥವಾ ಹೊಸ ಯಂತ್ರದೊಳಗೇ ಜಾಲವಿಲ್ಲದ ವರ್ಚುವಲ್ ಯಂತ್ರವೊಂದರಲ್ಲಿ ಎಕ್ಸ್‌ಪಿ ಹಾಕಿ, ಪೇಜ್‌ಮೇಕರ್ ತೆರೆದು, ಬರಹವನ್ನು ಹೊರತೆಗೆದು, ಪರಿವರ್ತಿಸಿ, ಮುಚ್ಚುವುದು. ಹೊಸ ವ್ಯವಸ್ಥೆಯೊಳಗೆ ಹಳೆಯದಕ್ಕೆ ಒಂದು ಕೋಣೆ ಕೊಡುವುದು ಹೊಸ ಯೋಚನೆಯೂ ಅಲ್ಲ. ವಿಂಡೋಸ್ 7ರ ಮೇಲ್ದರ್ಜೆಯ ಆವೃತ್ತಿಗಳಿಗೆ ಎಕ್ಸ್‌ಪಿ ಮೋಡ್ ಎಂಬ ಸೌಲಭ್ಯವನ್ನು 2009ರಲ್ಲೇ ಕೊಟ್ಟಿದ್ದರು. ಇದು ಒಂದು ಸಲದ ದುಡಿಮೆ. ಹಾಗೆ ಹೊರಬಂದ ಪಠ್ಯ ವಿಂಡೋಸ್ 11ರಲ್ಲೂ ಫೋನಿನಲ್ಲೂ ಲಿನಕ್ಸಿನಲ್ಲೂ ಒಂದೇ ರೀತಿ ತೆರೆಯುತ್ತದೆ.

ಈಗ ಮತ್ತೆ ಅದೇ ಹೊತ್ತು ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮನೆಬಳಕೆಯವರಿಗೆ ಹೆಚ್ಚುವರಿಯಾಗಿ ಕೊಟ್ಟ ಭದ್ರತಾ ತೇಪೆಗಳ ಅವಧಿ 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು, 2017ರಲ್ಲಿ ಕೊಂಡ ಎಷ್ಟೋ ಒಳ್ಳೆಯ ಯಂತ್ರಗಳ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹೀಗಾಗಿ ಮತ್ತೆ ಸಿಸ್ಟಮ್‌ಗಳು ಅಂಗಡಿಗೆ ಹೋಗುತ್ತಿವೆ, ಮತ್ತೆ ಸಿ ಡ್ರೈವ್ ಫಾರ್ಮ್ಯಾಟ್ ಆಗುತ್ತಿದೆ. ಡಾಕ್ಯುಮೆಂಟ್ಸ್ ತೆಗೆದಿಟ್ಟುಕೊಂಡಿದ್ದೀರಾ ಎಂದು ಅಂಗಡಿಯವರು ಕೇಳುತ್ತಾರೆ, ಅದು ಒಳ್ಳೆಯ ಅಭ್ಯಾಸ. ಆದರೆ ಎಕ್ಸ್‌ಪಿಯಿಂದ 7ಕ್ಕೆ, 7ರಿಂದ 10ಕ್ಕೆ ನಕಲಾಗುತ್ತ ಬಂದ ಹಳೆಯ ಕಡತಗಳಿಗೆ ಡಾಕ್ಯುಮೆಂಟ್ಸ್ ಒಂದೇ ಸಾಲದು. ಅವುಗಳ ಕೀಲಿಕೈ ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಲ್ಲಿ. ಆ ಕಡತವನ್ನು ಯಾವ ಫಾಂಟಿನಲ್ಲಿ ಬರೆದಿದ್ದಾರೋ ಆ ಫಾಂಟು ಇದ್ದರೆ ಯಾವ ಚಿಹ್ನೆ ಯಾವ ಅಕ್ಷರವೆಂದು ಇನ್ನೂ ಕಂಡುಹಿಡಿಯಬಹುದು. ಅಪರೂಪದ ಹಳೆಯ ಫಾಂಟಾದರೆ ಅದರ ಪಟ್ಟಿ ಬೇರೆ ಎಲ್ಲೂ ಇರಲಾರದು. ಫಾಂಟ್ಸ್ ಫೋಲ್ಡರ್ ತೆರೆದು, ಕನ್ನಡದ ಹೆಸರುಗಳನ್ನು ಒಂದೊಂದಾಗಿ ಆರಿಸಿ, ಕಡತಗಳ ಪಕ್ಕದಲ್ಲೇ ಪೆನ್‌ಡ್ರೈವಿಗೆ ಹಾಕಿಕೊಳ್ಳಲು ಐದು ನಿಮಿಷ ಸಾಕು. ಹಳದಿ ಪಟ್ಟಿ ತುಂಬಲು ಶುರುವಾಗುವ ಮೊದಲು ಆ ಐದು ನಿಮಿಷ ಸಿಗಬೇಕು.